ಪಹಣಿಯಲ್ಲಿ ಉಳಿದವರು, ಎಡೆಗೆ ಬರುವವರು

ವಂಶವೃಕ್ಷ ಎಂಬ ಮಾತಿಗೆ ರಾಮನಗರ ಸೀಮೆಯಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ಒಂದು, ಯಾರ ಮಗ ಯಾರು, ಯಾವ ಊರಿಂದ ಬಂದವರು ಎಂದು ಮನೆಯ ಹಿರಿಯರು ಹೇಳುವ ಕಥೆ. ಇನ್ನೊಂದು, ನಾಡಕಚೇರಿಗೆ ಅರ್ಜಿ ಕೊಟ್ಟು, ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ, ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ಅಕ್ಕಪಕ್ಕದವರ ಎದುರು ಮಹಜರು ಬರೆದ ಮೇಲೆ ಕೈಗೆ ಸಿಗುವ ಹಾಳೆ. ಬಿಡದಿ ಹೋಬಳಿಯಲ್ಲಿ ಈಗ ಹೆಚ್ಚು ಕೇಳಿಬರುವುದು ಎರಡನೆಯದು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಜನರ ಬಾಯಲ್ಲಿ ಕೆಐಎಡಿಬಿ, ಇಲ್ಲಿ ಹೊಲಗಳನ್ನು ವಶಪಡಿಸಿಕೊಂಡು ಕೈಗಾರಿಕಾ ಪ್ರದೇಶ ಮಾಡಿತು. 1997ರಲ್ಲಿ ಸ್ಥಾಪನೆಯಾದ ಟೊಯೋಟ ಕಿರ್ಲೋಸ್ಕರ್ 1999ರಲ್ಲಿ ಬಿಡದಿಯಲ್ಲಿ ವಾಹನ ತಯಾರಿಕೆ ಶುರುಮಾಡಿತು. ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ಜಾಗದಲ್ಲಿ ಶೆಡ್ಡುಗಳು ಎದ್ದವು. ಪರಿಹಾರದ ಚೆಕ್ಕು ಬರಬೇಕಾದರೆ ಜಮೀನು ಯಾರದು ಎಂದು ತೋರಿಸಬೇಕು. ಅಜ್ಜನವರೆಗೆ ಹೆಸರು ಹೇಳಬಲ್ಲ ಮನೆಗಳಲ್ಲಿ ಪಹಣಿ ನೋಡಿದರೆ ಅದು ಮುತ್ತಜ್ಜನ ಹೆಸರಲ್ಲೇ ನಿಂತಿರುತ್ತದೆ. ಆ ಮುತ್ತಜ್ಜನಿಂದ ಇಂದಿನ ಅರ್ಜಿದಾರನವರೆಗೆ ಸಂದು ಬಿಡದಂತೆ ಹೆಸರು ಕೂಡಿಸುವ ಕೆಲಸ ಹೀಗೆ ಮನೆಮನೆಗೂ ಬಂತು.

ಪರಿಹಾರದ ಕಾಗದಕ್ಕಾಗಿ ಹೊರಟ ಈ ಹುಡುಕಾಟ ಹಳೆಯದೊಂದು ಧರ್ಮಪ್ರಶ್ನೆಯನ್ನು ಎಡವುತ್ತದೆ. ಹಿರಿಯರು ಎಂದರೆ ಯಾರು? ಕಾಗದದಲ್ಲಿ ಹೆಸರಿರುವವರೇ, ವರ್ಷಕ್ಕೊಮ್ಮೆ ಎಡೆಗೆ ಬರುತ್ತಾರೆಂದು ನಂಬಿರುವವರೇ, ರಕ್ತ ಕೊಟ್ಟವರೇ? ಮೂವರೂ ಒಬ್ಬರೇ ಎಂದುಕೊಂಡು ಜನ ಬದುಕುತ್ತಾರೆ, ಅದರಿಂದ ತೊಂದರೆಯೂ ಇಲ್ಲ. ತಾಲೂಕು ಕಚೇರಿಯ ದಾಖಲೆ ಕೊಠಡಿಗೆ ನಕಲು ಅರ್ಜಿ ಹಾಕಿದ ದಿನ ಮಾತ್ರ ಆ ಮೂವರು ಬೇರೆಬೇರೆಯಾಗಿ ಕಾಣತೊಡಗುತ್ತಾರೆ.

ಹುಡುಕುವವನಿಗೆ ಮೊದಲು ಎದುರಾಗುವ ತೊಡಕು ಊರಿನದೇ. ಬಿಡದಿಯ ಒಂದು ಹಳ್ಳಿ ಕದಲದೆ ನಿಂತಿದ್ದರೂ ಅದರ ವಿಳಾಸ ಬದಲಾಗುತ್ತಲೇ ಬಂದಿದೆ. 1986ರವರೆಗೆ ಅದು ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಹಳೆಯ ಕಾಗದಗಳಲ್ಲಿ ರಾಮನಗರ ಕ್ಲೋಸ್‌ಪೇಟೆಯಾಗಿಯೂ ಕನಕಪುರ ಕಾನಕಾನಹಳ್ಳಿಯಾಗಿಯೂ ಇವೆ. ಯಾವ ಕಾಲದ ಕಾಗದ ಯಾವ ಕಚೇರಿಯ ಕಪಾಟಿನಲ್ಲಿ ಉಳಿಯಿತು ಎಂಬುದು ಈ ಬದಲಾವಣೆಗಳನ್ನೇ ಹಿಂಬಾಲಿಸುತ್ತದೆ.

ಕಾಗದಗಳು ಒಂದರ ಕೆಳಗೊಂದು ಪದರವಾಗಿ ಕುಳಿತಿವೆ. ಮೇಲಿನ ಪದರ ಗಣಕದ್ದು, 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಬಂದ ಪಹಣಿ. ಅದರಲ್ಲಿ 9ನೇ ಕಾಲಂ ಸ್ವಾಧೀನದಾರರ ಹೆಸರು, 10ನೆಯದು ಜಮೀನು ಹೇಗೆ ಬಂತು ಎಂಬುದು. ಅಲ್ಲಿ ಒಂದು ಎಂ.ಆರ್. ನಂಬರು ಇರುತ್ತದೆ. ಆ ನಂಬರು ಹಿಡಿದು ಹೋದರೆ ಮ್ಯುಟೇಷನ್ ರಿಜಿಸ್ಟರು. ಅದರ ಕೆಳಗೆ ಕೈಬರಹದ ಪಹಣಿಗಳು, ಇನ್ನೂ ಕೆಳಗೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್.ಆರ್. ಎಂಬ ಹಕ್ಕು ದಾಖಲೆಯ ಪುಸ್ತಕ, ರೀಸೆಟ್ಲ್‌ಮೆಂಟ್ ರಿಜಿಸ್ಟರು, ಕೊನೆಗೆ ಅಳತೆಯವರ ಮೂಲ ಟಿಪ್ಪಣಿ. ಮೈಸೂರು ಸೀಮೆಯಲ್ಲಿ ಸರ್ವೆ ಇಲಾಖೆ ಕೆಲಸ ಆರಂಭಿಸಿದ್ದು 1863ರಲ್ಲಿ. ಸರ್ವೆ ನಂಬರು ಎಂಬುದೇ ಅಲ್ಲಿಂದ ಹುಟ್ಟಿತು, ಹಾಗಾಗಿ ನಂಬರು ಹಿಡಿದು ಹಿಂದೆ ಹೋಗುವ ದಾರಿಯೂ ಅಲ್ಲಿಗೇ ಮುಗಿಯುತ್ತದೆ. ಅದಕ್ಕೂ ಹಿಂದಿನ ಲೆಕ್ಕ ಶಾನುಭೋಗರ ಮನೆಯಲ್ಲಿ ಇರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಕೆ ಹಾಕಿ, ಬಳಪದಲ್ಲಿ ಬರೆಯುತ್ತಿದ್ದ ಕಡತ ಅದು. ಕಚೇರಿಯ ಫೈಲಿಗೆ ಇಂದಿಗೂ ಕಡತ ಎನ್ನುವುದು ಆ ಕಪ್ಪು ಬಟ್ಟೆಯ ನೆನಪಿನಲ್ಲೇ. ಶಾನುಭೋಗಿಕೆ, ಪಟೇಲಿಕೆಗಳು ವಂಶಪಾರಂಪರ್ಯದ ಹುದ್ದೆಗಳಾಗಿದ್ದವು. 1961ರ ಕಾಯಿದೆ ಅವನ್ನು ರದ್ದು ಮಾಡಿದಾಗ ಒಂದಷ್ಟು ಲೆಕ್ಕ ಸರ್ಕಾರಕ್ಕೆ ಬಂತು, ಒಂದಷ್ಟು ಅಟ್ಟದಲ್ಲೇ ಗೆದ್ದಲಿಗಾಯಿತು.

ಒಂದು ಮ್ಯುಟೇಷನ್ ನಮೂದನ್ನು ಹತ್ತಿರದಿಂದ ನೋಡಬೇಕು. ಮಾದರಿಗೆ ಹೀಗಿರುತ್ತದೆ: ಕೆಂಪಯ್ಯ ಬಿನ್ ಬೋರಯ್ಯ ಪೌತಿಯಾದ್ದರಿಂದ ಮಗ ಚಿಕ್ಕಬೋರಯ್ಯ ಬಿನ್ ಕೆಂಪಯ್ಯನ ಹೆಸರಿಗೆ ಖಾತೆ, ತಕರಾರು ಇಲ್ಲ. ಕೆಳಗೆ ಒಂದು ಹೆಬ್ಬೆಟ್ಟು, ಒಂದು ಸಹಿ, ನೇರಳೆ ಬಣ್ಣದ ಮೊಹರು. ಒಬ್ಬ ಮನುಷ್ಯನ ಸಾವು ಇಲ್ಲಿ ಅರ್ಧ ಸಾಲು. ಬಿನ್ ಎಂಬುದು ಅರಬ್ಬಿ ಮಾತು, ಇಂಥವನ ಮಗ ಎಂದು ಅರ್ಥ. ಮುದ್ದೆ ತಿಂದು ಮುತ್ತುರಾಯನಿಗೆ ನಡೆದುಕೊಳ್ಳುವ ಒಕ್ಕಲಿಗನ ಹೆಸರಿಗೂ ಅವನ ಅಪ್ಪನ ಹೆಸರಿಗೂ ನಡುವೆ ಆ ಮಾತು ಆರಾಮವಾಗಿ ಕೂತಿದೆ. ಹೆಂಡತಿಯಾದರೆ ಕೋಂ, ಇಂಥವನ ಮಡದಿ. ಪೌತಿ ಎಂಬುದರ ಮೂಲ ಫೌತ್, ಅದೂ ಅರಬ್ಬಿಯೇ, ಸಾವು ಎಂದರ್ಥ. ಪಹಣಿ ಮರಾಠಿಯಿಂದ ಬಂದದ್ದು, ಕಣ್ಣಾರೆ ನೋಡುವುದು. ಹಳ್ಳಿಯವರ ಬಾಯಲ್ಲಿ ತೀರಿಕೊಂಡರು, ಶಿವನ ಪಾದ ಸೇರಿದರು, ಹೋಗಿಬಿಟ್ಟರು ಎಂದೆಲ್ಲ ಆಗುವ ಸಾವು ಕಾಗದಕ್ಕೆ ಬಂದೊಡನೆ ಪೌತಿಯಾಗುತ್ತದೆ. ಭಾಷೆ ಬದಲಾಗುವುದರ ಜೊತೆಗೆ ಸತ್ತವನೂ ಬದಲಾಗುತ್ತಾನೆ. ಈಗ ಅವನು ಒಂದು ಖಾತೆಯಿಂದ ತೆಗೆಯಬೇಕಾದ ಹೆಸರು.

ತೆಗೆಯದಿದ್ದರೂ ನಡೆಯುತ್ತದೆ. ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ಸತ್ತವರ ಹೆಸರಿನಲ್ಲಿವೆ. ಅಂಥ ಪಹಣಿಯ 9ನೇ ಕಾಲಂನಲ್ಲಿ ಐವತ್ತು ವರ್ಷದ ಹಿಂದೆ ಮಣ್ಣಾದವನು ಮಾಲೀಕ, 12ನೇ ಕಾಲಂನಲ್ಲಿ ಸಾಗುವಳಿಯೂ ಅವನದೇ, ಬೆಳೆ ರಾಗಿ. ಶ್ರಾದ್ಧದಲ್ಲಿ ಸತ್ತವರು ಉಣ್ಣುತ್ತಾರೆ ಎಂದರೆ ನಗುವವರು ಸತ್ತವರು ಉಳುತ್ತಾರೆ ಎಂಬ ಈ ಸರ್ಕಾರಿ ಹೇಳಿಕೆಯನ್ನು ಸುಮ್ಮನೆ ಒಪ್ಪಿಕೊಂಡಿದ್ದಾರೆ.

ಹೆಸರುಗಳ ಇನ್ನೊಂದು ಗುಣ ಹುಡುಕುವವರನ್ನು ಬಹಳ ಗೋಳಾಡಿಸುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಆದ್ದರಿಂದ ಬೋರಯ್ಯನ ಮಗ ಕೆಂಪಯ್ಯ, ಕೆಂಪಯ್ಯನ ಮಗ ಬೋರಯ್ಯ ಎಂದು ನೂರು ವರ್ಷ ಅದೇ ಎರಡು ಹೆಸರು ಒಂದರ ಬೆನ್ನಿಗೊಂದು ಬರುತ್ತವೆ. ಅದರ ಮೇಲೆ ಮನೆದೇವರ ಹೆಸರು ಊರಿಗೆಲ್ಲ ಹಂಚಿಹೋಗಿರುತ್ತದೆ. ಒಂದೇ ಹಳ್ಳಿಯಲ್ಲಿ ಏಳೆಂಟು ಜನ ಮುತ್ತಯ್ಯ, ಹತ್ತು ಜನ ರಂಗಯ್ಯ. ಊರಿನವರಿಗೆ ಇದರಿಂದ ಗೊಂದಲವಿರಲಿಲ್ಲ. ದೊಡ್ಡಮನೆ, ಮೂಲೆಮನೆ, ಗುಂಡಿತೋಪು ಎಂದು ಅಡ್ಡಹೆಸರಿನಿಂದ ಗುರುತು ಹಿಡಿಯುತ್ತಿದ್ದರು. ಕಾಗದಕ್ಕೆ ಅಡ್ಡಹೆಸರು ಬರಲಿಲ್ಲ. ಹಾಗೆಂದು ಇದನ್ನು ಬರೀ ತೊಡಕೆಂದು ತಳ್ಳಿಹಾಕುವಂತಿಲ್ಲ. ಅಜ್ಜ ಸತ್ತ ವರ್ಷ ಹುಟ್ಟಿದ ಗಂಡುಮಗುವನ್ನು ಅಜ್ಜಿ ಮುದುಕ ಮತ್ತೆ ಬಂದ ಎಂದು ಕರೆಯುವ ಮನೆಗಳಲ್ಲಿ ಹೆಸರು ಒಬ್ಬನ ಸ್ವತ್ತಲ್ಲ, ಒಬ್ಬರಾದ ಮೇಲೊಬ್ಬರು ಬಂದು ಕೂರುವ ಜಗಲಿ. ಪ್ರತಿ ಹೆಸರಿಗೂ ಒಬ್ಬನೇ ಮನುಷ್ಯ ಎಂಬುದು ದಾಖಲೆಯ ಲೆಕ್ಕ, ಕುಲದ ಲೆಕ್ಕ ಅದಲ್ಲ.

ಈ ದಾಖಲೆಗಳು ಹಿರಿಯರನ್ನು ನೆನೆಯಲು ಹುಟ್ಟಿದವಲ್ಲ, ಕಂದಾಯಕ್ಕೆ ಹುಟ್ಟಿದವು. ಎಲ್ಲ ಕಡೆ ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ 1538ರಿಂದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಹೂಳುವಿಕೆಗಳನ್ನು ಬರೆದಿಡತೊಡಗಿದವು. ಅಲ್ಲಿ ಭೂಮಿಯಿಲ್ಲದ ಕೂಲಿಯವನೂ ಮೂರು ಬಾರಿ ಪುಸ್ತಕಕ್ಕೆ ಬರುತ್ತಾನೆ. ಅಮೆರಿಕದ ಮಾರ್ಮನ್ ಪಂಥದವರಿಗೆ ವಂಶ ಹುಡುಕುವುದು ಧರ್ಮಕಾರ್ಯವೇ. ತೀರಿಹೋದ ಹಿರಿಯರಿಗೂ ಅವರ ಹೆಸರು ಹಿಡಿದು ದೀಕ್ಷೆ ಕೊಡಬಹುದು ಎಂಬ ನಂಬಿಕೆಯಿಂದ 1894ರಲ್ಲಿ ಯೂಟಾದಲ್ಲಿ ವಂಶಾವಳಿ ಸಂಘ ಕಟ್ಟಿದರು, 1938ರಿಂದ ಊರೂರಿನ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿದರು. ಅವರಿಗೆ ಹೆಸರು ಸಿಗದ ಹಿರಿಯ ಮುಕ್ತಿಯ ಬಾಗಿಲಲ್ಲಿ ಕಾಯುತ್ತಿರುವ ಹಿರಿಯ. ಮೈಸೂರು ಸೀಮೆಯಲ್ಲಿ ಪುಸ್ತಕ ತೆರೆದದ್ದು ಹೊಲದ ಹೆಸರಿನಲ್ಲಿ. ಮನುಷ್ಯ ಬಂದದ್ದು ಹೊಲದ ಬಾಲ ಹಿಡಿದು. ಜನಗಣತಿಯೂ ಸಹಾಯಕ್ಕೆ ಬರುವುದಿಲ್ಲ, ಅದರಲ್ಲಿ ತಲೆಗಳ ಮೊತ್ತ ಸಿಗುತ್ತದೆಯೇ ಹೊರತು ಹೆಸರುಗಳನ್ನು ಯಾರಿಗೂ ಕೊಡುವುದಿಲ್ಲ. ಮೈಸೂರು ಸಂಸ್ಥಾನದ ತಲೆಗಳು 1871ರಲ್ಲಿ 50 ಲಕ್ಷ ದಾಟಿದ್ದು, 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗೆ ಇಳಿದವು. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಎಷ್ಟೋ ಮನೆತನಗಳ ಬಾಯಿಕಥೆ ನಮ್ಮ ಹಿರೀಕರು ಬರದಲ್ಲಿ ಇಲ್ಲಿಗೆ ಬಂದರು ಎಂದು ಶುರುವಾಗುವುದಕ್ಕೆ ಆ ಎಂಟು ಲಕ್ಷದ ಕೊರತೆಯೇ ಕಾರಣ. ಬರದಲ್ಲಿ ಸತ್ತ ಅನೇಕರಿಗೆ ಪೌತಿ ಖಾತೆ ಆಗಲಿಲ್ಲ, ಅವರ ಹಿಂದೆ ಯಾರೂ ಉಳಿದಿರಲಿಲ್ಲ.

ಹೊಲದ ಬಾಲ ಹಿಡಿಯದವರು ಪುಸ್ತಕಕ್ಕೆ ಬರಲೇ ಇಲ್ಲ. ಹೆಂಗಸರು ಮೊದಲು. ಹಳೆಯ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆ ಮಾತ್ರ ಬೆಳೆಯುತ್ತದೆ. ಕೋಂ ಹಚ್ಚಿಕೊಂಡು ಬರುವ ವಿಧವೆ ಇದ್ದರೆ ಇದ್ದಳು, ಕೊಟ್ಟ ಹೆಣ್ಣುಮಗಳು ಇಲ್ಲ. 1994ರ ಕರ್ನಾಟಕದ ತಿದ್ದುಪಡಿ ಆವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಅಂಥದೇ ಕಾನೂನಾಯಿತು, 2020ರಲ್ಲಿ ಸುಪ್ರೀಂ ಕೋರ್ಟು ಉಳಿದ ಗೊಂದಲ ತೀರಿಸಿತು. ಆಮೇಲೆ ಬರೆದ ವಂಶವೃಕ್ಷಗಳಲ್ಲಿ ಅಕ್ಕತಂಗಿಯರು ಒಬ್ಬೊಬ್ಬರೇ ಕಾಣಿಸಿಕೊಳ್ಳುತ್ತಾರೆ, ಅದೂ ಬಹುಪಾಲು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಕಾರಣಕ್ಕೆ. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯಿರುವ ಈ ಕಡೆ ಒಬ್ಬಳೇ ಹೆಂಗಸು ಮನೆಗೆ ಮೊಮ್ಮಗಳೂ ಹೌದು ಸೊಸೆಯೂ ಹೌದು. ಅವಳನ್ನು ಸರಿಯಾಗಿ ಬರೆದರೆ ವೃಕ್ಷ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ. ಬರೆಯುವವರು ಸುಲಭಕ್ಕೆ ಒಂದು ಕೊಂಬೆ ಕತ್ತರಿಸುತ್ತಾರೆ.

ಹೆಂಗಸರ ನಂತರ ಭೂಮಿಯಿಲ್ಲದವರು. ಜೀತಕ್ಕಿದ್ದವನ ಹೆಸರು ಒಡೆಯನ ಪಹಣಿಯಲ್ಲಿ ಇರುವುದಿಲ್ಲ, ಸಾಗುವಳಿ ಅವನೇ ಮಾಡಿದ್ದರೂ. 1974ರ ತಿದ್ದುಪಡಿಯ ನಂತರ ಗೇಣಿದಾರರು ಕೊಟ್ಟ ಫಾರಂ ನಂಬರ್ 7 ಅರ್ಜಿಗಳು, 1976ರಲ್ಲಿ ಜೀತ ರದ್ದಾದ ಮೇಲಿನ ಪಟ್ಟಿಗಳು, ದರಖಾಸ್ತಿನಲ್ಲಿ ಸಿಕ್ಕ ಸಾಗುವಳಿ ಚೀಟಿ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯಿದೆಯಡಿ ಕಳೆದ ಜಮೀನು ಮರಳಿ ಕೇಳಿದ ಕೇಸಿನ ಕಟ್ಟು, ಇವೇ ಅನೇಕ ದಲಿತ ಮನೆಗಳಿಗೆ ವಂಶದ ಮೊದಲ ಲಿಖಿತ ಸಾಕ್ಷಿ. ಅದಕ್ಕೂ ಹಿಂದೆ ಶಾಲೆಯ ದಾಖಲಾತಿ ಪುಸ್ತಕ ಸಿಕ್ಕರೆ ಪುಣ್ಯ. ಹಿರಿಯರು ದಾಖಲೆಯಲ್ಲಿ ಇದ್ದಾರೆ ಎಂಬ ಮಾತೇ ಒಂದು ಜಮೀನುದಾರಿ ಮಾತು. ದಾಖಲೆಯಲ್ಲಿ ಇಲ್ಲದವನಿಗೂ ಮುತ್ತಜ್ಜ ಇದ್ದ, ಅವನೂ ಅಷ್ಟೇ ಹಳಬ.

ಕಾಗದ ಕೈಬಿಟ್ಟ ಕಡೆ ಬೇರೆ ಪುಸ್ತಕಗಳಿವೆ, ಹಾಳೆಯಿಲ್ಲದ ಪುಸ್ತಕಗಳು. ಸುಗ್ಗಿ ಮುಗಿದ ಮೇಲೆ ಹಳ್ಳಿಗೆ ಬರುವ ಹೆಳವರು ಮನೆಯ ಮುಂದೆ ನಿಂತು ಆ ಮನೆತನದ ಮೂಲ, ಬೆಡಗು, ಯಾವ ಊರಿಂದ ಯಾವ ಊರಿಗೆ ಬಂದರು, ತಲೆಮಾರುಗಳ ಹೆಸರು ಎಲ್ಲವನ್ನೂ ಒಪ್ಪಿಸುತ್ತಾರೆ, ಪ್ರತಿಯಾಗಿ ಕಾಳುಕಡ್ಡಿ ಪಡೆಯುತ್ತಾರೆ. ಸೂತಕ ಇನ್ನೊಂದು ಪುಸ್ತಕ. ಸಾವಾದಾಗ ಹತ್ತು ದಿನ ಯಾರು ಯಾರು ಒಗ್ಗರಣೆ ಹಾಕದೆ, ದೇವರ ಮನೆ ಮುಟ್ಟದೆ ಇರುತ್ತಾರೋ ಅವರು ದಾಯಾದಿಗಳು. ಭಾಗವಾಗಿ ನೂರು ವರ್ಷವಾಗಿ, ಮಾತು ಬಿಟ್ಟು, ಕೋರ್ಟಿಗೆ ಅಲೆಯುತ್ತಿದ್ದರೂ ಸೂತಕ ಮಾತ್ರ ತಪ್ಪುವುದಿಲ್ಲ. ಮೂರನೆಯದು ಮನೆದೇವರು. ಬಿಡದಿಯ ಒಂದು ಮನೆ ಕಬ್ಬಾಳಮ್ಮನಿಗೆ, ಪಕ್ಕದ್ದು ಸಾವನದುರ್ಗದ ವೀರಭದ್ರನಿಗೆ, ಅದರಾಚೆಯದು ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಡಲು ಹೋಗುತ್ತದೆ ಎಂದರೆ ಆ ಮನೆಗಳು ಎಲ್ಲಿಂದ ಬಂದವು ಎಂಬುದಕ್ಕೆ ಅದೊಂದು ಸುಳಿವು. ಒಂದೇ ಬೆಡಗಿನವರು ಅಣ್ಣತಮ್ಮಂದಿರೆಂದು ಹೆಣ್ಣು ತರುವುದಿಲ್ಲ. ಹಾಳೆ ತಪ್ಪಬಹುದು, ಹೆಣ್ಣು ನೋಡಲು ಹೋದ ಕಡೆ ವಾವೆ ತಪ್ಪುವುದು ಅಪರೂಪ.

ಕಲ್ಲಿಗೆ ಹತ್ತಿದ ಹೆಸರುಗಳೂ ಇವೆ. ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಅವು ಬಹುಮಟ್ಟಿಗೆ ದಾನ ಕೊಟ್ಟವರ, ಕಾದಿ ಸತ್ತವರ ಹೆಸರುಗಳು. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯನ್ನು ಶಾಸನದ ಆಧಾರದಿಂದ ಗುರುತಿಸಿದ್ದು ತೀರ ಈಚೆಗೆ, 2015ರಲ್ಲಿ. ನಾಡಪ್ರಭುವಿನ ಸಮಾಧಿಯೇ ಇಷ್ಟು ಕಾಲ ಮರೆಯಾಗಿತ್ತು. ಚನ್ನಪಟ್ಟಣದ ಮುಸ್ಲಿಂ ಮನೆತನಗಳಲ್ಲಿ ಗುರುಪರಂಪರೆಯ ಶಜರಾ ಉಂಟು. ಅಲ್ಲಿ ಗುರುವಿನಿಂದ ಶಿಷ್ಯನಿಗೆ ಹೋಗುವ ಗೆರೆ ಅಪ್ಪನಿಂದ ಮಗನಿಗೆ ಹೋಗುವ ಗೆರೆಯಷ್ಟೇ ಗಟ್ಟಿ.

ಇನ್ನು ಶಾಸ್ತ್ರದ ಲೆಕ್ಕ. ಶ್ರಾದ್ಧದಲ್ಲಿ ಪಿಂಡ ಸಿಗುವುದು ಮೂರೇ ತಲೆಗೆ. ತಂದೆ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ಹೊಸದಾಗಿ ಸತ್ತವನನ್ನು ಸಪಿಂಡೀಕರಣದಲ್ಲಿ ಹಿರಿಯರ ಸಾಲಿಗೆ ಸೇರಿಸಿದಾಗ ಮೇಲಿನವನು ಒಂದು ಮೆಟ್ಟಿಲು ಸರಿದು ಪಿಂಡದ ಸಾಲಿನಿಂದ ಹೊರಬೀಳುತ್ತಾನೆ. ಅವನಿಗೂ ಅವನ ಮೇಲಿನ ಇಬ್ಬರಿಗೂ ಪಿಂಡ ಕಟ್ಟಿದ ಕೈಗೆ ಅಂಟಿದ ಅನ್ನ ಸಲ್ಲುತ್ತದೆ, ಲೇಪಭಾಜರು ಎಂದು ಅವರ ಹೆಸರು. ಅವರಿಂದ ಮೇಲೆ ಹೆಸರಿಲ್ಲ. ಇದು ಮರೆವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಬದುಕಿರುವ ಒಬ್ಬ ಮನುಷ್ಯ ಕಣ್ಣಾರೆ ಕಂಡಿರಬಹುದಾದವರು ಹೆಚ್ಚೆಂದರೆ ಮೂರು ತಲೆ. ಅದರಾಚೆಗಿನವರು ಒಟ್ಟಾಗಿ ಪಿತೃಗಳು, ಒಬ್ಬೊಬ್ಬರಾಗಿ ಯಾರೂ ಅಲ್ಲ. ದಾಖಲೆ ಕೊಠಡಿ ತದ್ವಿರುದ್ಧ. ಅದು ನೆನಪಿಡಬೇಕೆಂದು ಬರೆದದ್ದಲ್ಲ, ಆದರೂ ಬಿಟ್ಟುಕೊಡುವುದಿಲ್ಲ. ನೂರೈವತ್ತು ವರ್ಷದ ಹಿಂದೆ ಎಂಟಾಣೆ ಕಂದಾಯ ಬಾಕಿ ಉಳಿಸಿಕೊಂಡವನನ್ನು ಅದು ಇಂದಿಗೂ ಹೆಸರು ಹಿಡಿದು ಕರೆಯುತ್ತದೆ.

ಹೆಸರು ಗೊತ್ತಿಲ್ಲದಿದ್ದರೆ ಏನು ಗತಿ ಎಂಬುದನ್ನು ಶಾಸ್ತ್ರಕಾರರು ಮೊದಲೇ ಯೋಚಿಸಿದ್ದರು. ಹೆಸರು ತಿಳಿಯದಾಗ ಭೂಮಿಯಲ್ಲಿರುವ ಪಿತೃಗಳು, ಅಂತರಿಕ್ಷದಲ್ಲಿರುವ ಪಿತೃಗಳು, ಸ್ವರ್ಗದಲ್ಲಿರುವ ಪಿತೃಗಳು ಎಂದು ಕರೆದು ಪಿಂಡ ಇಡಬಹುದು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ. ಅಂದರೆ ಶ್ರಾದ್ಧಕ್ಕೆ ಬೇಕಾದದ್ದು ಸಂಬಂಧವೇ ಹೊರತು ಮಾಹಿತಿಯಲ್ಲ. ಯಾವ ಹಿರಿಯನೂ ಹೆಸರು ಸಿಗಲಿಲ್ಲವೆಂದು ಹಸಿದು ಉಳಿಯುವುದಿಲ್ಲ. ಮಾರ್ಮನ್ನರ ಶ್ರದ್ಧೆಗೂ ಇದಕ್ಕೂ ಇರುವ ಅಂತರ ಇಲ್ಲೇ ಇದೆ, ದಾಖಲೆ ಹುಡುಕದ ಮಗ ಅವಿಧೇಯನೆಂದು ಈ ಕಡೆಯ ಯಾವ ಗ್ರಂಥವೂ ಹೇಳುವುದಿಲ್ಲ. ತೈತ್ತಿರೀಯ ಸಂಹಿತೆ ಬ್ರಾಹ್ಮಣ ಮೂರು ಋಣ ಹೊತ್ತು ಹುಟ್ಟುತ್ತಾನೆ ಎನ್ನುತ್ತದೆ. ಅದರಲ್ಲಿ ಪಿತೃಋಣ ತೀರುವುದು ಸಂತಾನದಿಂದ. ಹಿಂದಕ್ಕೆ ಹುಡುಕಿ ತೀರಿಸುವ ಸಾಲವಲ್ಲ ಅದು, ಮುಂದಕ್ಕೆ ಕೊಟ್ಟು ತೀರಿಸುವಂಥದು.

ಬಂಧುತ್ವ ಎಂದರೇನು ಎಂಬ ಪ್ರಶ್ನೆಯನ್ನು ಅತ್ಯಂತ ಖಚಿತವಾಗಿ ಹಿಡಿದವನು ಕನ್ನಡ ನಾಡಿನಲ್ಲೇ ಕೂತು ಬರೆದ ವಿಜ್ಞಾನೇಶ್ವರ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಸಪಿಂಡರು ಎಂದರೆ ಯಾರು? ಪಿಂಡ ಎಂದರೆ ಅನ್ನದ ಉಂಡೆ ಎಂದು ಹಿಡಿದರೆ ಒಟ್ಟಿಗೆ ಪಿಂಡ ಕೊಡುವವರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಪಿಂಡ ಎಂದರೆ ದೇಹ, ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದ. ಅವನ ಪ್ರಕಾರ ಮಗನಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಸಾಯಬೇಕಾಗಿಲ್ಲ. ಬಂಗಾಳದ ಜೀಮೂತವಾಹನ ದಾಯಭಾಗದಲ್ಲಿ ಅನ್ನದ ಉಂಡೆಯನ್ನೇ ಎತ್ತಿಹಿಡಿದ. ಯಾರು ಕೊಡುವ ಪಿಂಡದಿಂದ ಸತ್ತವನಿಗೆ ಉಪಕಾರವೋ ಅವನೇ ವಾರಸುದಾರ, ಹಕ್ಕು ಸಾವಿನ ನಂತರ. ಬಿಡದಿಯಲ್ಲಿ ವಕೀಲರು ದಾವೆಯಲ್ಲಿ ಬರೆಯುವ ಪಿತ್ರಾರ್ಜಿತ ಎಂಬ ಒಂದು ಮಾತಿನ ಹಿಂದೆ ಈ ವಾದ ಇದೆ. ನಾಡಕಚೇರಿಯ ವಂಶವೃಕ್ಷದಲ್ಲಿ ಹುಟ್ಟಿದವರ ಹೆಸರೆಲ್ಲ ಬೇಕು, ತಿಥಿ ಮಾಡುವವರದಷ್ಟೇ ಸಾಲದು ಎನ್ನುವುದು ವಿಜ್ಞಾನೇಶ್ವರನ ಗೆಲುವು.

ಆದರೆ ದೇಹದ ಅಂಶ ಎಂಬ ಆಧಾರವೂ ಅಲುಗಾಡದೆ ಇಲ್ಲ. ದತ್ತು ಹೋದ ಮಗ ದೇಹ ಕೊಟ್ಟವನ ಗೋತ್ರ ಬಿಟ್ಟು ಸಾಕಿದವನಿಗೆ ಪಿಂಡ ಕೊಡುತ್ತಾನೆ, ಕಾಗದವೂ ಅದನ್ನೇ ಬರೆಯುತ್ತದೆ. ರಕ್ತ ಮಾತ್ರ ಬೇರೆ. ಎಸ್.ಎಲ್. ಭೈರಪ್ಪ 1965ರಲ್ಲಿ ಬರೆದ ವಂಶವೃಕ್ಷ ಕಾದಂಬರಿಯ ಎಲ್ಲ ಭಾರವೂ ಈ ಬಿರುಕಿನ ಮೇಲೆ ನಿಂತಿದೆ. ವಂಶದ ಶುದ್ಧಿಯನ್ನೇ ಧರ್ಮವೆಂದು ಬಾಳಿದ ಶ್ರೀನಿವಾಸ ಶ್ರೋತ್ರಿಗಳಿಗೆ ಕೊನೆಯಲ್ಲಿ ತಮ್ಮ ಹುಟ್ಟಿನ ಬಗ್ಗೆಯೇ ಬೇರೊಂದು ಸತ್ಯ ತಿಳಿಯುತ್ತದೆ. ಹಳೆಯ ಕಾಗದ ಬಿಡಿಸುವವರೆಲ್ಲ ಆ ಸಾಧ್ಯತೆಯನ್ನು ಜೇಬಿನಲ್ಲಿಟ್ಟುಕೊಂಡೇ ಕೂರಬೇಕು. ಬಿನ್ ಎಂದು ಬರೆದ ಗುಮಾಸ್ತ ಕೇಳಿಸಿಕೊಂಡದ್ದನ್ನು ಬರೆದ. ಅದು ಊರು ಒಪ್ಪಿದ ಅಪ್ಪನ ಹೆಸರು, ಅಷ್ಟರಮಟ್ಟಿಗೆ ಮಾತ್ರ ಸತ್ಯ. ಊರು ಒಪ್ಪಿದ್ದು ಸಣ್ಣ ಸಂಗತಿಯಲ್ಲ ಎಂಬುದನ್ನೂ ಮರೆಯಬಾರದು.

ಶ್ರಾದ್ಧದ ಈ ಇಡೀ ವ್ಯವಹಾರವನ್ನೇ ಒಪ್ಪದವರ ಸಾಲು ದೊಡ್ಡದು. ಸತ್ತವನಿಗೆ ಇಲ್ಲಿ ಬಡಿಸಿದ್ದು ಮುಟ್ಟುವುದಾದರೆ ಊರಿಗೆ ಹೊರಟವನು ಬುತ್ತಿ ಕಟ್ಟಿಕೊಳ್ಳುವುದೇಕೆ, ಮನೆಯಲ್ಲೇ ಬಡಿಸಿದರೆ ಸಾಲದೇ ಎಂದು ಚಾರ್ವಾಕರು ಕೇಳಿದ್ದನ್ನು ವಿಜಯನಗರದ ಕಾಲದ ಮಾಧವ ಸರ್ವದರ್ಶನಸಂಗ್ರಹದಲ್ಲಿ ಜೋಪಾನ ಮಾಡಿಟ್ಟಿದ್ದಾನೆ. ಪುನರ್ಜನ್ಮ ನಂಬುವವರಿಗೆ ಇನ್ನೂ ಗಟ್ಟಿ ತೊಡಕಿದೆ. ಮುತ್ತಜ್ಜ ಎಲ್ಲೋ ಮರುಹುಟ್ಟು ಪಡೆದಿದ್ದರೆ ಪಿಂಡ ಯಾರಿಗೆ? ಪುರಾಣಗಳು ಕೊಡುವ ಉತ್ತರ, ಅವನು ಯಾವ ಜನ್ಮದಲ್ಲಿದ್ದಾನೋ ಆ ಜನ್ಮದ ಆಹಾರವಾಗಿ ಅದು ತಲುಪುತ್ತದೆ. ಮಂದೆಯಲ್ಲಿ ಕರು ತಾಯಿಯನ್ನು ಹುಡುಕಿಕೊಳ್ಳುವ ಹಾಗೆ ಮಂತ್ರ ಅವನನ್ನು ಹುಡುಕಿಕೊಳ್ಳುತ್ತದೆ. ಹೋಲಿಕೆ ಚೆನ್ನಾಗಿದೆ, ವಾದವಾಗಿ ನಿಲ್ಲುವುದು ಕಷ್ಟ. ಜೈನರು ಶ್ರಾದ್ಧವನ್ನು ಒಪ್ಪಲಿಲ್ಲ. ಹನ್ನೆರಡನೇ ಶತಮಾನದ ಶರಣರು ಬುಡಕ್ಕೇ ಕೈಹಾಕಿದರು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತನ್ನ ಹಿರಿಯರೆಂದು ಕರೆದುಕೊಂಡ ಬಸವಣ್ಣ ಹುಟ್ಟಿನಿಂದ ಬಂದ ವಂಶವನ್ನು ಬಿಟ್ಟು ಆರಿಸಿಕೊಂಡ ವಂಶವನ್ನು ಹಿಡಿದ. ವಿಜ್ಞಾನೇಶ್ವರ ದೇಹದಲ್ಲಿ ಬಂಧುತ್ವ ಕಂಡ ಅದೇ ಕಲ್ಯಾಣದಲ್ಲಿ, ಒಂದೆರಡು ತಲೆಮಾರಿನ ನಂತರ, ಬಂಧುತ್ವ ದೇಹದಲ್ಲಿಲ್ಲ ಎಂಬ ಮಾತು ಹುಟ್ಟಿತು.

ಬಿಡದಿ ಸುತ್ತಿನ ಹಳ್ಳಿಗಳಲ್ಲಿ ಈ ವಾದಗಳಿಗೆ ಯಾರೂ ಕಾಯುವುದಿಲ್ಲ. ಪಿತೃಪಕ್ಷ ಬಂತೆಂದರೆ ಮನೆ ಸಾರಿಸಿ, ಗೋಡೆಗೆ ಹಿರಿಯರ ಫೋಟೋ ಒರಗಿಸಿ, ಮುಂದೆ ಬಾಳೆಲೆ ಹಾಸುತ್ತಾರೆ. ಹೊಸ ಪಂಚೆ, ಸೀರೆ ಮಡಿಸಿಟ್ಟು ಅದರ ಮೇಲೆ ಹೂವು. ಎಲೆಗೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ. ಸತ್ತವರಿಗೆ ಬದುಕಿದ್ದಾಗ ಏನಿಷ್ಟವೋ ಅದು ತಪ್ಪುವಂತಿಲ್ಲ. ಬೀಡಿ ಸೇದುತ್ತಿದ್ದವನಿಗೆ ಒಂದು ಕಟ್ಟು ಬೀಡಿ, ಎಲೆಅಡಿಕೆಯ ಅಜ್ಜಿಗೆ ಹೊಗೆಸೊಪ್ಪಿನ ಚೂರು, ಕುಡಿಯುತ್ತಿದ್ದವನಿಗೆ ಅದೂ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಒಂದಷ್ಟು ಹೊತ್ತು ಎಲ್ಲರೂ ಹೊರಗೆ ಕೂರುತ್ತಾರೆ. ಒಳಗೆ ಅವರು ಉಣ್ಣಬೇಕಲ್ಲ. ಮಂತ್ರವಿಲ್ಲ, ಗೋತ್ರವಿಲ್ಲ, ಮೂರು ತಲೆಯೆಂಬ ಲೆಕ್ಕವನ್ನು ಯಾರೂ ಹೇಳಿಕೊಟ್ಟಿಲ್ಲ, ಆದರೂ ಎಲೆಗಳು ಮೂರಕ್ಕಿಂತ ಮೇಲೆ ಹೋಗುವುದು ಕಡಿಮೆ. ಇಷ್ಟ ಗೊತ್ತಿಲ್ಲದವರಿಗೆ ಎಲೆ ಹಾಕುವುದು ಹೇಗೆ? ಹಿರಿಯತನದ ಗಡಿಗೆ ಇಲ್ಲಿ ಗೆರೆ ಎಳೆಯುವುದು ಆ ಬೀಡಿ ಕಟ್ಟು.

ನಕಲು ಕಾಗದದಲ್ಲಿ ಸಿಕ್ಕ ಹೊಸ ಮುತ್ತಜ್ಜನಿಗೆ ಈ ಎಡೆಯಲ್ಲಿ ಜಾಗ ಇದೆಯೇ? ಹುಡುಕಿದ ಹೆಸರುಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮನೆಗಳು ಈಗ ಇವೆ. ಪರಿಹಾರದ ಹಣದಲ್ಲಿ ಕಟ್ಟಿದ ಮನೆಗಳಲ್ಲಿ ಅದು ತೀರ ಅಪರೂಪವೂ ಅಲ್ಲ. ಅದರಲ್ಲಿ ತಪ್ಪೇನಿಲ್ಲ, ಆದರೆ ಹೆಸರು ಪತ್ತೆಯಾದ ಮಾತ್ರಕ್ಕೆ ಹಿರಿಯ ಸಿಕ್ಕಂತಲ್ಲ. ಸಿಕ್ಕವನು ಕಂದಾಯ ಕಟ್ಟಿದ ಒಬ್ಬ ರೈತ. ಅವನನ್ನು ಹಿರಿಯನನ್ನಾಗಿ ಮಾಡುವುದು ಬದುಕಿರುವವರ ಕೆಲಸ, ಅದಕ್ಕೆ ಎಲೆ ಹಾಕಬೇಕು, ಸೂತಕ ಹಿಡಿಯಬೇಕು, ಅವನ ಹೆಸರನ್ನು ಮಗುವಿಗೆ ಇಡಬೇಕು. ಸಪಿಂಡೀಕರಣ ಎಂಬ ಕರ್ಮದ ತಿರುಳೂ ಇದೇ. ಸತ್ತ ಕೂಡಲೇ ಯಾರೂ ಪಿತೃವಾಗುವುದಿಲ್ಲ, ಮಗ ಮಾಡಿದ ಮೇಲೆ ಆಗುತ್ತಾನೆ.

ಪಹಣಿಯ 11ನೇ ಕಾಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು ಎಂದು ಬರೆಯುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ.ಗೆ ಕನ್ನಡದಲ್ಲಿ ಋಣಭಾರ ಪತ್ರ ಎಂದೇ ಹೆಸರು. ಬ್ಯಾಂಕಿನ ಸಾಲ, ಅಡಮಾನ, ತಡೆಯಾಜ್ಞೆ ಎಲ್ಲ ಅಲ್ಲಿ ಋಣ. ವೇದ ಹೇಳಿದ ಪಿತೃಋಣವೂ ಇದೇ ಮಾತು ಎಂಬುದನ್ನು ಕಚೇರಿಯಲ್ಲಿ ಯಾರೂ ಗಮನಿಸುವುದಿಲ್ಲ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28(1)ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಟರೆ ಆ ಸಂಗತಿ ದಾಖಲಾಗುವುದು ಇದೇ 11ನೇ ಕಾಲಂನಲ್ಲಿ. 28(4)ರ ಅಂತಿಮ ಅಧಿಸೂಚನೆಯಾಗಿ ಸ್ವಾಧೀನ ಮುಗಿದ ಮೇಲೆ 9ನೇ ಕಾಲಂಗೆ ಮಂಡಳಿಯ ಹೆಸರು ಬರುತ್ತದೆ. ಮಂಡಳಿಗೆ ಅಪ್ಪನಿಲ್ಲ, ಆದ್ದರಿಂದ ಆ ಹೆಸರಿನ ಮುಂದೆ ಬಿನ್ ಇಲ್ಲ. ಅದು ಪೌತಿಯಾಗುವುದೂ ಇಲ್ಲ.

ಹೊಲದ ಜೊತೆ ಹೋಗುವುದು ಇನ್ನೊಂದಿದೆ. ಈ ಸೀಮೆಯ ಒಕ್ಕಲು ಮನೆತನಗಳಲ್ಲಿ ಸತ್ತವರನ್ನು ಸ್ವಂತ ಜಮೀನಿನ ಬದುವಿನಲ್ಲೇ ಮಣ್ಣು ಮಾಡುವ ವಾಡಿಕೆ ಹೆಚ್ಚು. ಮೇಲೊಂದು ಕಲ್ಲು, ಅನುಕೂಲವಿದ್ದರೆ ಸಿಮೆಂಟಿನ ಕಟ್ಟೆ. ಅಳತೆಯ ನಕ್ಷೆಯಲ್ಲಿ ಬಾವಿಗೆ ಗುರುತಿದೆ, ಮರಕ್ಕೆ ಲೆಕ್ಕವಿದೆ, ಪರಿಹಾರ ಪಟ್ಟಿಯಲ್ಲಿ ತೆಂಗಿಗೊಂದು ಮಾವಿಗೊಂದು ದರವಿದೆ. ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ ಬೆಲೆ ಕಟ್ಟುವ ಬಗೆ ಹೊಲದವರಿಗೂ ಗೊತ್ತಿಲ್ಲ, ಕಚೇರಿಗೂ ಗೊತ್ತಿಲ್ಲ. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಉಪನಗರಕ್ಕಾಗಿ ಹೊಸ ಅಧಿಸೂಚನೆ ಹೊರಟು ರೈತರು ಧರಣಿ ಕೂತಾಗ ಜಮೀನಿನ ದರದ ಮಾತಿನ ಹಿಂದೆ ಈ ಬೆಲೆಯಿಲ್ಲದ ಲೆಕ್ಕವೂ ಇತ್ತು. ಮೊದಲ ಸುತ್ತಿನಲ್ಲಿ ಕೈಗಾರಿಕಾ ಪ್ರದೇಶಕ್ಕೆ ಜಮೀನು ಬಿಟ್ಟವರು ಪಿತೃಪಕ್ಷದ ಎಡೆಯನ್ನು ಸಮಾಧಿಗೆ ಒಯ್ಯುವಂತಿಲ್ಲ, ಕಾಂಪೌಂಡಿನೊಳಗೆ ಬಿಡುವುದಿಲ್ಲ. ಹಲವರು ಮನೆಯಲ್ಲೇ ಎಲೆ ಹಾಕಿ, ಒಂದು ತುತ್ತನ್ನು ಕಾಗೆಗೆಂದು ತಾರಸಿಯ ಮೇಲಿಡುತ್ತಾರೆ. ಹಳೆಯ ಸರ್ವೆ ನಂಬರು ಮಾತ್ರ ತಾಲೂಕು ಕಚೇರಿಯ ರಿಜಿಸ್ಟರಿನಲ್ಲಿ ಹಾಗೇ ಇದೆ. ಮುಂದೆ ಯಾರಾದರೂ ಈ ಮನೆತನಗಳನ್ನು ಹುಡುಕಿಕೊಂಡು ಬಂದರೆ ಕೈಗಾರಿಕಾ ಪ್ರದೇಶದ ಪ್ಲಾಟ್ ನಂಬರು ಹೇಳಿ ಪ್ರಯೋಜನವಿಲ್ಲ, ಊರಿನ ಹೆಸರು ಮತ್ತು ಆ ಸರ್ವೆ ನಂಬರನ್ನೇ ಅರ್ಜಿಯಲ್ಲಿ ಬರೆಯಬೇಕು.